ಚೆಂಬೂರಿನ ಕೆಮ್ಮು: ಒಂದು ವೈದ್ಯಕೀಯ ಹಸ್ತಪ್ರತಿಯ ಪಾಠಾಂತರ ವಿಚಾರ

ಓಲೆಗರಿಯ ಗ್ರಂಥಗಳಿಗೆ ಪ್ರತ್ಯಂತರಗಳನ್ನು ಅರಸಿ, ಲಿಪಿಕಾರರ ಸ್ಖಾಲಿತ್ಯಗಳನ್ನು ತಿದ್ದಿ, ಪ್ರಕ್ಷಿಪ್ತಗಳನ್ನು ಬೇರ್ಪಡಿಸಿ, ಶುದ್ಧಪಾಠವನ್ನು ನಿರ್ಣಯಿಸುವ ಗ್ರಂಥಸಂಪಾದನ ಶಾಸ್ತ್ರವು ನಮ್ಮಲ್ಲಿ ಪ್ರೌಢಾವಸ್ಥೆಯನ್ನು ತಲುಪಿದ್ದರೂ, ವೈದ್ಯಕೀಯ ಪತ್ರಿಕೆಗಳಿಗೆ ಸಮರ್ಪಿತವಾಗುವ ಹಸ್ತಪ್ರತಿಗಳ ಕಡೆಗೆ ಅದರ ಕೃಪಾದೃಷ್ಟಿ ಇನ್ನೂ ಹರಿದಿಲ್ಲವೆಂಬುದು ಶೋಚನೀಯವಾದ ಸಂಗತಿ. ಪಂಪ ರನ್ನರ ಕಾವ್ಯಗಳಿಗೆ ದೊರೆತಿರುವ ಪ್ರತಿಗಳು ಬೆರಳೆಣಿಕೆಯವು. ಅವುಗಳ ಲಿಪಿಕಾರನು ದೀಪದ ಮಂದಬೆಳಕಿನಲ್ಲಿ ಒಂದಕ್ಷರವನ್ನು ನುಂಗಿದ್ದಾನು, ಒಂದು ಸಾಲನ್ನು ಎರಡು ಸಲ ಬರೆದಾನು, ಅಷ್ಟೆ. ವೈದ್ಯಕೀಯ ಹಸ್ತಪ್ರತಿಗಾದರೋ ಒಂದೇ ಮಳೆಗಾಲದಲ್ಲಿ ಹತ್ತಾರು ಪ್ರತ್ಯಂತರಗಳು ಹುಟ್ಟಿಕೊಳ್ಳುತ್ತವೆ, ಮತ್ತು ಅವುಗಳ ಲಿಪಿಕಾರರೆಲ್ಲರೂ ಪೂರ್ಣ ಎಚ್ಚರದಲ್ಲಿರುತ್ತಾರೆ.

ವಿಚಾರಾರಂಭಕ್ಕೆ ಮುನ್ನ ಕ್ಷೇತ್ರನಿರ್ಣಯ ಆವಶ್ಯಕ. ನಾವು ಆರಿಸಿಕೊಂಡಿರುವ ಕ್ಷೇತ್ರ ಮುಂಬಯಿಯ ಚೆಂಬೂರು. 1950ರ ದಶಕದಲ್ಲಿ ಮಾಹುಲ್ ಕಡೆಗೆ ಎರಡು ತೈಲ ಶುದ್ಧೀಕರಣಾಗಾರಗಳೂ, ಮುಂದಿನ ದಶಕದಲ್ಲಿ ಟ್ರಾಂಬೆಯ ರಸಗೊಬ್ಬರದ ಕಾರ್ಖಾನೆಯೂ ಬಂದು ನೆಲಸಿದ ಮೇಲೆ, ಇಲ್ಲಿಯ ಗಾಳಿಗೆ ತನ್ನದೇ ಆದ ವ್ಯಕ್ತಿತ್ವ ಪ್ರಾಪ್ತವಾಯಿತು. 1970ರ ದಶಕದ ಉತ್ತರಾರ್ಧದಲ್ಲಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ವೈದ್ಯರು ಮುಂಬಯಿಯ ಹೊಗೆಗೂ ಮುಂಬಯಿಗರ ಶ್ವಾಸಕೋಶಕ್ಕೂ ಇರುವ ನಂಟನ್ನು ಶೋಧಿಸಹೊರಟಾಗ, ಅವರು ಆರಿಸಿಕೊಂಡ ಬಡಾವಣೆಗಳಲ್ಲಿ ಚೆಂಬೂರೂ ಒಂದಾಗಿತ್ತು. ಅದೇ ಆಸ್ಪತ್ರೆಯ ಅಂಗವಾದ ಜಿ.ಎಸ್. ವೈದ್ಯಕೀಯ ಕಾಲೇಜಿನಿಂದ ‘ಜರ್ನಲ್ ಆಫ್ ಪೋಸ್ಟ್‌ಗ್ರಾಜುಯೇಟ್ ಮೆಡಿಸಿನ್’ ಎಂಬ ಪತ್ರಿಕೆ 1955ರಿಂದ ಹೊರಡುತ್ತಿದೆ. ಇನ್ನು ನೆರೆಯ ಘಾಟ್ಕೋಪರಿನಲ್ಲಿ ಭಾರತದ ಅಸಂಖ್ಯ ವೈದ್ಯಕೀಯ ಪತ್ರಿಕೆಗಳನ್ನು ಹೊರತಂದ ಮೆಡ್‌ನೋ ಪ್ರಕಾಶನದ ಕಚೇರಿಯಿದ್ದ ಕಟ್ಟಡದ ಹೆಸರು ‘ಕೆನರಾ ಬಿಸಿನೆಸ್ ಸೆಂಟರ್’ ಎಂಬುದನ್ನು ಕನ್ನಡಿಗ ವಾಚಕರ ಅಭಿಮಾನಾರ್ಥವಾಗಿ ಇಲ್ಲಿಯೇ ಹೇಳಿ ಮುಂದುವರಿಯುತ್ತೇವೆ. ಅಂತೂ ಕೆಮ್ಮು ಒಂದು ಪಕ್ಕದಲ್ಲಿ, ಅದನ್ನು ಅಚ್ಚುಹಾಕುವವರು ಇನ್ನೊಂದು ಪಕ್ಕದಲ್ಲಿ. ನಡುವೆ ಇರುವುದು ಹಸ್ತಪ್ರತಿಯೊಂದೇ.

ಯಾವ ಜೀವಂತ ಆಸ್ಪತ್ರೆಗೂ ಮುಜುಗರವಾಗದಂತೆ, ನಿದರ್ಶನಕ್ಕಾಗಿ ಒಂದು ಹಸ್ತಪ್ರತಿಯನ್ನು ಕಲ್ಪಿಸಿಕೊಳ್ಳೋಣ. ಇದರ ಮೂಲಪ್ರತಿ, ಅರ್ಥಾತ್ ‘ಕ’ ಪ್ರತಿ, ಹೊರರೋಗಿ ವಿಭಾಗದ ಕೇಸ್ ಪೇಪರಿನ ಹಿಂಬದಿಯಲ್ಲಿ ನೀಲಿ ಬಾಲ್‌ಪೆನ್ನಿನಿಂದ ಬರೆದದ್ದು. ಎಡಮೂಲೆಯಲ್ಲಿ ಕಟಿಂಗ್ ಚಹಾದ ಲೋಟ ಮೂಡಿಸಿದ ಪೂರ್ಣವರ್ತುಲ, ಅದರೊಳಗೆ ಅರ್ಧವರ್ತುಲ. ಒಂದೇ ಬರಹದ ಅವಧಿಯಲ್ಲಿ ಲೋಟವನ್ನು ಎರಡು ಬಾರಿ ಇಟ್ಟದ್ದರಿಂದ, ಲಿಪಿಕಾರನು ರೋಗಿಯ ಮಾತನ್ನು ಸಾವಧಾನವಾಗಿ ಕೇಳಿದನೆಂದು ಊಹಿಸಲು ಅವಕಾಶವಿದೆ. ಇವನು ಉಡುಪಿಯ ಕಡೆಯಿಂದ ಬಂದ ಎರಡನೆಯ ವರ್ಷದ ರೆಸಿಡೆಂಟು. ಪಾಠದ ತಾತ್ಪರ್ಯ ಹೀಗಿದೆ: ಲಾರಿ ಚಾಲಕ, ವಯಸ್ಸು 42, ಮಾಹುಲ್ ರಸ್ತೆಯಲ್ಲಿ ವಾಸ, ಮೂರು ವರ್ಷಗಳಿಂದ ಕೆಮ್ಮು, ರಾತ್ರಿ ಹೆಚ್ಚು, ಗಣಪತಿಗೆ ಊರಿಗೆ ಹೋದರೆ ಎಂಟು ದಿನದಲ್ಲಿ ನಿಲ್ಲುತ್ತದೆಯಂತೆ, ಮರಳಿ ಬಂದ ಮೂರನೆಯ ದಿನ ಮತ್ತೆ ಶುರುವಾಗುತ್ತದೆಯಂತೆ.

‘ಖ’ ಪ್ರತಿಯಲ್ಲಿ ಈ ಪಾಠವು ಶಾಸ್ತ್ರೋಕ್ತವಾದ ಅಂಗನ್ಯಾಸವನ್ನು ಪಡೆಯುತ್ತದೆ. 1978ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಸಮಾವೇಶಗೊಂಡು, ಹಸ್ತಪ್ರತಿಗಳೆಲ್ಲವೂ ಏಕರೂಪವಾಗಿರತಕ್ಕದ್ದೆಂದು ನಿಯಮಗಳನ್ನು ರಚಿಸಿದರಷ್ಟೆ. ಅಂದಿನಿಂದ ಜಗತ್ತಿನ ವೈದ್ಯರಿಗೆ ಉಲ್ಲೇಖಗಳನ್ನು ಅಂಕಿಯಿಟ್ಟು ಬರೆಯುವ ದೀಕ್ಷೆ ದೊರೆತಿದೆ. ಲೇಖಕರ ಹೆಸರುಗಳನ್ನು ಆರರ ತನಕ ಬರೆದು, ಏಳನೆಯವನಿಂದಾಚೆಗೆ ‘ಇತರರು’ ಎಂದು ಮುಗಿಸುವ ಪದ್ಧತಿಯೂ ಅದೇ ಪರಂಪರೆಯದು. ಆದುದರಿಂದಲೇ ಆರನೆಯ ಸ್ಥಾನಕ್ಕಾಗಿ ನಡೆಯುವ ಸ್ಪರ್ಧೆ ಮೊದಲನೆಯದಕ್ಕೆ ನಡೆಯುವುದಕ್ಕಿಂತ ಒಮ್ಮೊಮ್ಮೆ ಘೋರವಾಗಿರುತ್ತದೆ. ‘ಖ’ ಪ್ರತಿಯಲ್ಲಿ ಲಾರಿ ಚಾಲಕನು ‘42 ವರ್ಷದ ಪುರುಷ’ನಾಗುತ್ತಾನೆ, ಲಾರಿ ಇಲ್ಲಿ ಪ್ರಥಮತಃ ಲುಪ್ತ.

‘ಗ’ ಪ್ರತಿ ವಿಭಾಗದ ಮುಖ್ಯಸ್ಥರ ಕೆಂಪು ಶಾಯಿಯಿಂದ ಶೋಭಿಸುತ್ತದೆ. ಆ ಸಂಬಂಧವಾದ ಸಂವಾದವೊಂದು ಮೌಖಿಕ ಪರಂಪರೆಯಲ್ಲಿ ಉಳಿದುಬಂದಿದೆ.

“ಏನಪ್ಪಾ, ಇದು ಕಾದಂಬರಿಯೋ ಕೇಸ್ ರಿಪೋರ್ಟೋ? ಗಣಪತಿ ಯಾಕೆ ಬಂದ ಇಲ್ಲಿ?”

“ಸರ್, ಊರಿಗೆ ಹೋದಾಗ ಕೆಮ್ಮು ನಿಲ್ತದೆ ಅಂತ ಪೇಶಂಟೇ ಹೇಳಿದ್ದು...”

“ಪೇಶಂಟು ನೂರು ಹೇಳ್ತಾನೆ. ಊರನ್ನು ತೆಗಿ. ಹಿಸ್ಟರಿ ನಾನ್-ಕಾಂಟ್ರಿಬ್ಯೂಟರಿ ಅಂತ ಹಾಕು.”

ಹಾಗೆಯೇ ಹಾಕಲಾಯಿತು. ತೆಗೆದ ಒಂದು ಸಾಲಿನ ಸ್ಥಾನದಲ್ಲಿ ಕೆಮ್ಮು ವಿಶ್ವವ್ಯಾಪಿಯಾದ ಲಕ್ಷಣವೆಂದು ಸಾರುವ ಮೂರು ವಾಕ್ಯಗಳು ಪ್ರಕ್ಷಿಪ್ತವಾದವು. ಇವು ಅದೇ ವಿಭಾಗದಿಂದ ಹೊರಟ ಬೇರೆ ಹಸ್ತಪ್ರತಿಗಳಲ್ಲಿಯೂ ‘ಕೆಮ್ಮು’ ಎಂಬಲ್ಲಿ ‘ಜ್ವರ’ ಎಂಬ ಪಾಠಭೇದದೊಡನೆ ಕಾಣಿಸಿಕೊಳ್ಳುವುದರಿಂದ, ಇವುಗಳ ಕರ್ತೃತ್ವದ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಕರ್ತೃತ್ವವೆಂದೊಡನೆ ಪ್ರಕರಣದ ಹೃದಯವನ್ನೇ ಮುಟ್ಟಿದಂತಾಯಿತು. ವೈದ್ಯಕೀಯ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯು ಲೇಖಕನಿಗೆ ನಾಲ್ಕು ಲಕ್ಷಣಗಳನ್ನು ವಿಧಿಸಿದೆ: ಕಾರ್ಯದಲ್ಲಿ ಗಣನೀಯವಾದ ಪಾಲು, ಬರೆಯುವುದರಲ್ಲೋ ತಿದ್ದುವುದರಲ್ಲೋ ಕೈ, ಅಂತಿಮ ಪಾಠಕ್ಕೆ ಒಪ್ಪಿಗೆ, ಮತ್ತು ಸಮಗ್ರ ಹೊಣೆ. ನಾಲ್ಕೂ ಇರತಕ್ಕದ್ದೆಂಬುದು ಸೂತ್ರ. ಮೂರನೆಯದೊಂದಿದ್ದರೆ ಸಾಕೆಂಬುದು ಚೆಂಬೂರು ಭಾಷ್ಯ. ನಮ್ಮ ಮೆಡಿಕಲ್ ಕೌನ್ಸಿಲ್ಲು ಅಧ್ಯಾಪಕರ ಬಡ್ತಿಗೆ ಮೊದಲ ಇಬ್ಬರು ಲೇಖಕರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದೆಂದು 2015ರಲ್ಲಿಯೂ, ಮೊದಲನೆಯವನನ್ನು ಅಥವಾ ಪತ್ರವ್ಯವಹಾರದ ಹೊಣೆ ಹೊತ್ತವನನ್ನು ಹಿಡಿಯುವುದೆಂದು 2017ರಲ್ಲಿಯೂ ಅಪ್ಪಣೆ ಕೊಡಿಸಿತಾಗಿ, ಈ ಎರಡು ಪೀಠಗಳನ್ನು ಬಡ್ತಿಯ ಹೊಸ್ತಿಲಲ್ಲಿರುವ ಸಹಾಯಕ ಪ್ರಾಧ್ಯಾಪಕರೂ ಮುಖ್ಯಸ್ಥರೂ ಅಲಂಕರಿಸಿದರು. ಎಕ್ಸ್‌ರೇ ನೋಡಿದವರೊಬ್ಬರು, ನೋಡಬೇಕಾಗಿದ್ದವರೊಬ್ಬರು, ಹಿಂದಿನ ಸಲ ಮುಖ್ಯಸ್ಥರ ಹೆಸರನ್ನು ತಮ್ಮ ಲೇಖನದಲ್ಲಿ ಹಾಕಿದ್ದವರೊಬ್ಬರು ಸೇರಿದರು. ಕೆಮ್ಮನ್ನು ಕಿವಿಯಾರೆ ಕೇಳಿದ ರೆಸಿಡೆಂಟು ಆರನೆಯವನಾದನು. ಅಂದರೆ ‘ಇತರರು’ ಎಂಬ ಸಮುದ್ರಕ್ಕೆ ಬೀಳದೆ ದಡದಲ್ಲಿ ಉಳಿದನು.

ಈ ವಿಷಯದಲ್ಲಿ ಪಾಶ್ಚಾತ್ಯರು ನಮಗಿಂತ ಮುಂದುವರಿದವರೆಂದು ಒಪ್ಪಬೇಕಾಗಿದೆ. 1975ರಲ್ಲಿ ಅಮೆರಿಕದ ಭೌತವಿಜ್ಞಾನಿ ಜ್ಯಾಕ್ ಹೆದರಿಂಗ್ಟನ್ ತಾನೊಬ್ಬನೇ ಬರೆದ ಪ್ರಬಂಧದಲ್ಲಿ ‘ನಾವು’ ಎಂಬ ಬಹುವಚನ ತುಂಬಿಹೋಗಿದ್ದುದನ್ನು ಕಂಡು, ಅಷ್ಟನ್ನೂ ಮತ್ತೆ ಟೈಪು ಮಾಡುವ ಬದಲು ತನ್ನ ಸಯಾಮಿ ಬೆಕ್ಕನ್ನು ವಿಲ್ಲರ್ಡ್ ಎಂಬ ಹೆಸರಿನಿಂದ ಸಹಲೇಖಕನನ್ನಾಗಿ ಮಾಡಿಕೊಂಡನು. ಪ್ರಬಂಧ ಪ್ರಕಟವೂ ಆಯಿತು. ಬೆಕ್ಕು ಬಡ್ತಿಯನ್ನು ಕೇಳಿದ ದಾಖಲೆಯಿಲ್ಲ.

ಸಮರ್ಪಣವಿಧಿಯನ್ನು ಸಂಗ್ರಹವಾಗಿ ಹೇಳುವೆವು. ಸಂಪಾದಕರಿಗೆ ಕವರಿಂಗ್ ಲೆಟರು, ಎಥಿಕ್ಸ್ ಕಮಿಟಿಯ ಪತ್ರ, ರೋಗಿಯ ಒಪ್ಪಿಗೆ, ಆರು ಸಹಿಗಳ ಕಾಪಿರೈಟ್ ಫಾರಮು. ಐದು ಸಹಿಗಳು ಒಂದೇ ದಿನದಲ್ಲಿ ದೊರೆತು ಆರನೆಯವರು ಗೋವೆಯ ಕಾನ್ಫರೆನ್ಸಿನಲ್ಲಿರುವುದು ಸನಾತನವಾದ ನಿಯಮ. ಕೃತಿಚೌರ್ಯವನ್ನು ಪತ್ತೆಮಾಡುವ ಯಂತ್ರವು ಆಸ್ಪತ್ರೆಯ ವಿಳಾಸವನ್ನು ಕದ್ದ ಮಾಲೆಂದು ಸಾರಿ, ವಿಶ್ವವ್ಯಾಪಿ ಕೆಮ್ಮಿನ ಮೂರು ವಾಕ್ಯಗಳನ್ನು ಸ್ವೋಪಜ್ಞವೆಂದು ಬಿಟ್ಟಿತು. ಈ ನಡುವೆ ಕಂಡುಕೇಳರಿಯದ ಪತ್ರಿಕೆಗಳಿಂದ ‘ಪರಮಪೂಜ್ಯ ಡಾಕ್ಟರರೇ’ ಎಂಬ ಧಾಟಿಯ ಆಮಂತ್ರಣಗಳು ಬರುತ್ತವೆ, ಅವಕ್ಕೆ ಮರುಳಾಗಲಾಗದು. ಜಾನ್ ಬೊಹಾನನ್ ಎಂಬ ಪತ್ರಕರ್ತನು ಬುದ್ಧಿಪೂರ್ವಕವಾಗಿ ತಪ್ಪುಗಳನ್ನು ತುಂಬಿದ ಕಲ್ಪಿತ ಔಷಧಪ್ರಬಂಧವೊಂದನ್ನು ಮುಕ್ತಪ್ರವೇಶದ 304 ಪತ್ರಿಕೆಗಳಿಗೆ ಕಳುಹಿಸಲು, 157 ಪತ್ರಿಕೆಗಳು ಅದನ್ನು ಸ್ವೀಕರಿಸಿದುವೆಂದು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿಯಾಯಿತು. ಅವನಿಗೂ ಒಬ್ಬ ಮುಖ್ಯಸ್ಥರಿದ್ದಿದ್ದರೆ ಮಿಕ್ಕವೂ ಒಪ್ಪುತ್ತಿದ್ದುವೇನೋ.

ನಮ್ಮ ಹಸ್ತಪ್ರತಿ ಸಭ್ಯವಾದ ಪತ್ರಿಕೆಗೇ ಹೋಯಿತು. ನಾಲ್ಕು ತಿಂಗಳ ತರುವಾಯ ಇಬ್ಬರು ಅನಾಮಧೇಯ ರಿವ್ಯೂವರುಗಳ ಅಭಿಪ್ರಾಯ ಬಂದಿತು. ಮೊದಲನೆಯವರು ಅಲ್ಪವಿರಾಮಗಳ ಬಗ್ಗೆ ಕಳವಳಪಟ್ಟಿದ್ದರು. ಎರಡನೆಯವರು ಎರಡೇ ಸಾಲು ಬರೆದಿದ್ದರು: ರೋಗಿಯ ಕಸುಬೇನು? ಆ ಸ್ಥಳವನ್ನು ಬಿಟ್ಟುಹೋದಾಗ ಕೆಮ್ಮು ನಿಲ್ಲುತ್ತದೆಯೇ? ಇದು ಹೊಸ ಪ್ರಶ್ನೆಯೇನೂ ಅಲ್ಲ. 1700ರಲ್ಲಿ ಇಟಲಿಯ ಮೊದೆನಾದಲ್ಲಿ ಶ್ರಮಿಕರ ವ್ಯಾಧಿಗಳನ್ನು ಕುರಿತು ಗ್ರಂಥ ಪ್ರಕಟಿಸಿದ ರಾಮಾತ್ಸಿನಿ, ಹಿಪೊಕ್ರಾಟಿಸನು ರೋಗಿಯನ್ನು ಕೇಳಬೇಕೆಂದ ಪ್ರಶ್ನೆಗಳ ಜೊತೆಗೆ ‘ನಿನ್ನ ಕಸುಬೇನು’ ಎಂಬುದನ್ನೂ ಸೇರಿಸತಕ್ಕದ್ದೆಂದು ಹೇಳಿದ್ದನು.

ಮುಖ್ಯಸ್ಥರು ರೆಸಿಡೆಂಟನನ್ನು ಕರೆಸಿ, “ಇಷ್ಟು ಮುಖ್ಯವಾದ್ದನ್ನ ಹೇಗಪ್ಪಾ ಬಿಟ್ಟೆ?” ಎಂದು ಕೇಳಿದರು. ಅವನು “ಹಾಕ್ತೇನೆ ಸರ್” ಎಂದಷ್ಟೇ ಹೇಳಿ, ಚಹಾದ ವರ್ತುಲವಿದ್ದ ಕೇಸ್ ಪೇಪರನ್ನು ಕಡತದಿಂದ ತೆಗೆದು, ಲಾರಿಯನ್ನೂ ಊರನ್ನೂ ಎಂಟು ದಿನಗಳನ್ನೂ ಯಥಾವತ್ತಾಗಿ ಪುನಃಸ್ಥಾಪಿಸಿದನು. ಇದರಿಂದ ಪಾಠವು ಪತ್ರಿಕೆ ವಿಧಿಸಿದ್ದ 1000 ಶಬ್ದಗಳ ಮಿತಿಯನ್ನು ಮೀರಿತು. ವಿಶ್ವವ್ಯಾಪಿ ಕೆಮ್ಮಿನ ಮೂರು ವಾಕ್ಯಗಳನ್ನು ಮುಟ್ಟುವಂತಿರಲಿಲ್ಲ. ಲೇಖಕರ ಹೆಸರುಗಳು ಶಬ್ದಗಳ ಲೆಕ್ಕಕ್ಕೆ ಬರುವುದಿಲ್ಲ. ಕಡೆಗೆ ‘ಕೃತಜ್ಞತೆಗಳು’ ಎಂಬ ಭಾಗದಿಂದ, ಸಹಕರಿಸಿದ ರೋಗಿಗೆ ವಂದನೆ ಹೇಳಿದ್ದ ವಾಕ್ಯವನ್ನು ತೆಗೆಯಲಾಯಿತು.