ಬೋರ್ಡು ಬದಲಿ

(ಸುರಪುರ ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿ. ಶಹಾಪುರ ಮೇಲೆ ಹೋಗುವ ಯಾದಗಿರಿ ಬಸ್ಸು ಎಂದಿನಂತೆ ಇನ್ನೂ ಬಂದಿಲ್ಲ.)

ಮಲ್ಲ್ಯಾ: ಮಾಸ್ತರ್ರ, 1858ರಾಗ ನಮ್ಮ ರಾಜಾ ವೆಂಕಟಪ್ಪ ನಾಯಕರು ಇಂಗ್ಲಿಷರಿಗಿ ತಿರುಗಿಬಿದ್ರಲ್ಲ, ಆವಾಗ ಕಾಗದದಾಗ ಏನಂತ ಬರದ್ರು?

ಮಾಸ್ತರ್: ಬಂಡುಕೋರ ಅಂತ.

ಮಲ್ಲ್ಯಾ: ಈಗ?

ಮಾಸ್ತರ್: ಸ್ವಾತಂತ್ರ್ಯವೀರ.

ಮಲ್ಲ್ಯಾ: ಬದಲಾಗ್ಲಿಕ್ಕ ಎಷ್ಟ್ ವರ್ಷ ಹಿಡೀತ್ರಿ?

ಮಾಸ್ತರ್: 1947ರ ತನಕ ಅಂದ್ರ 89.

ಮಲ್ಲ್ಯಾ: ಲಗೂನ ಆತ್ ಬಿಡ್ರಿ! ನಮ್ಮಪ್ಪನ ಪಹಣ್ಯಾಗ ಹೆಸರು ಇನ್ನೂ ಬದಲಾಗಿಲ್ಲ.

ಚಹಾ ಕಾಕಾ: ತಮ್ಮಾ, ನಿಜಾಮನ ಕಾಲದಾಗ ಇನ್ನೂ ಲಗೂ. ರಜಾಕಾರರ ಎದುರು ನಿಂತವರು 1948ರ ಸೆಪ್ಟೆಂಬರ್ 16ಕ್ಕ ಗದ್ದಾರ, 18ಕ್ಕ ಸರದಾರ!

ಮಲ್ಲ್ಯಾ: ನಡುವ 17ಕ್ಕ?

ಕಾಕಾ: ಅವತ್ತ ಝಂಡಾ ಬದಲಾತು. ಈಗ ಪೇಡಾ ಹಂಚತಾರ.

ಮಲ್ಲ್ಯಾ: ಮತ್ತ ನಮ್ಮ ವೆಂಕಟಪ್ಪ ರಾಜಾನ್ನ ಬೆಳಸಿದ ಇಂಗ್ಲಿಷ್ ಸಾಹೇಬ ಮೆಡೋಸ್ ಟೇಲರ್? ಅವಗ ರಾಜಾ ‘ಅಪ್ಪಾ’ ಅಂತಿದ್ನಂತ.

ಮಾಸ್ತರ್: ಅವನ ಬಂಗ್ಲೆ ಟೇಲರ್ ಮಂಜಿಲ್ ಇನ್ನೂ ಅದ. ದೊಡ್ಡ ಸಾಹೇಬ್ರು ಬಂದ್ರ ಅಲ್ಲೇ ಇಳೀತಾರ.

ಮಲ್ಲ್ಯಾ: ವೀರಗ ಮಾಲಿ, ಟೇಲರ್‌ಗ ಮಂಜಿಲ್! ಆ ‘ಅಪ್ಪಾ’ ಅಂದ ಕತಿ ಬರದವ್ರು ಯಾರ್ರಿ?

ಮಾಸ್ತರ್: ಅವನೇ. ತನ್ನ ಆತ್ಮಕಥಿಯೊಳಗ.

ಕಾಕಾ: ಟೇಲರ್ ಅಂದಮ್ಯಾಲೆ ಅಳತಿ ಅವಂದು, ಅಂಗಿ ನಮಗ!

(ಬಸ್ಸು ಬಂತು.)

ಮಲ್ಲ್ಯಾ: ಕಂಡಕ್ಟರ್ರ, ಈಗಿನ್ನ ‘ಸುರಪುರ’ ಅಂತಿತ್ತಲ್ರಿ?

ಕಂಡಕ್ಟರ್: ಬೋರ್ಡು ತಿರುವೀನಿ. ಗಾಡಿ ಅದೇ ಅದ, ಹತ್ರಿ!