ನಿರ್ಗಮನ ಮೀಮಾಂಸೆ: ಮೈಸೂರಿನ ಪೂರ್ವನಿದರ್ಶನಸಹಿತ

ಪೀಠಿಕೆ

ಒಕ್ಕೂಟದಿಂದ ಹೊರಬೀಳುವ ಶಾಸ್ತ್ರಕ್ಕೆ ಲಂಡನ್ನಿನವರೇ ಮೂಲಪುರುಷರೆಂಬ ತಪ್ಪು ಕಲ್ಪನೆ 2016ರ ಜೂನ್ 23ರಿಂದೀಚೆಗೆ ವಿದ್ವಾಂಸರಲ್ಲಿ ಬೇರೂರಿದೆ. ಅಂದು ಬ್ರಿಟನ್ನಿನಲ್ಲಿ ಮತ ಹಾಕಿದ ನೂರರಲ್ಲಿ 51.9 ಮಂದಿ ಐರೋಪ್ಯ ಒಕ್ಕೂಟ ಬೇಡವೆಂದರು. (ಆ ದಶಮಾಂಶ ಒಂಬತ್ತು ಮನುಷ್ಯ ಯಾರೆಂಬುದು ಪ್ರತ್ಯೇಕ ಸಂಶೋಧನೆಗೆ ಅರ್ಹ.) ಆದರೆ ಅದಕ್ಕೂ 406 ವರ್ಷ ಮೊದಲೇ ಮೈಸೂರಿನ ರಾಜ ಒಡೆಯರು ವಿಜಯನಗರದಿಂದ ಹೊರಬಂದು ಆಗಿತ್ತು.

ಇವೆರಡನ್ನೂ ತೂಗಲು ಹೊರಗಿನ ತಕ್ಕಡಿ ಬೇಕಿಲ್ಲ. 1905ರಲ್ಲಿ ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಗಳಲ್ಲಿ ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ ಎಂಬ ರಾಜನೀತಿಯ ಆರು ಗುಣಗಳಿವೆ. ಬ್ರಿಟನ್ ಸರ್ಕಾರ ಈ ಕ್ರಮ ಪಾಲಿಸಲಿಲ್ಲವಾದ್ದರಿಂದ ನಾವೂ ಪಾಲಿಸುತ್ತಿಲ್ಲ.

ಷಾಡ್ಗುಣ್ಯ ಪರೀಕ್ಷೆ

ಆಸನ. ಅಂದರೆ ಸುಮ್ಮನೆ ಕೂರುವುದು. ರಾಜ ಒಡೆಯರು ಪಟ್ಟಕ್ಕೆ ಬಂದದ್ದು 1578ರಲ್ಲಿ. 1565ರ ರಕ್ಕಸಗಿ–ತಂಗಡಗಿ ಕಾಳಗದ ತರುವಾಯ ಸಾಮ್ರಾಜ್ಯದ ರಾಜಧಾನಿ ಹಂಪೆ ಬಿಟ್ಟು ಪೆನುಕೊಂಡೆಗೆ, ಅಲ್ಲಿಂದ ಚಂದ್ರಗಿರಿಗೆ ಸರಿಯಿತು. ಬಿಡಬೇಕಾದ ಒಕ್ಕೂಟ ತಾನಾಗಿಯೇ ದೂರ ಹೋಗುತ್ತಿರುವಾಗ ಎದ್ದು ಹೋಗುವ ಆತುರವೇನು? ಒಡೆಯರು 32 ವರ್ಷ ಕೂತರು. ಬ್ರಿಟನ್ ಸರ್ಕಾರವೂ ಕೂತಿತು, ಆದರೆ ನೋಟಿಸು ಕೊಟ್ಟ ಮೇಲೆ. 2017ರ ಮಾರ್ಚ್ 29ರಂದು ಎರಡು ವರ್ಷದಲ್ಲಿ ಮನೆ ಖಾಲಿ ಮಾಡುತ್ತೇವೆಂದು ಬರೆದುಕೊಟ್ಟು, ಗಡುವು ಬಂದಾಗ ಏಪ್ರಿಲ್ 12, ಆಮೇಲೆ ಅಕ್ಟೋಬರ್ 31, ಕೊನೆಗೆ 2020ರ ಜನವರಿ 31 ಎಂದು ಮೂರು ಸಲ ವಾಯಿದೆ ಪಡೆಯಿತು. ಅಕ್ಟೋಬರ್ 31 ಎಂದು ಟಂಕಿಸಿಟ್ಟಿದ್ದ ಸುಮಾರು ಹತ್ತು ಲಕ್ಷ ಐವತ್ತು ಪೆನ್ಸ್ ನಾಣ್ಯಗಳನ್ನು ಕರಗಿಸಬೇಕಾಯಿತು.

ಸಂಶ್ರಯ. ಬಲಿಷ್ಠನ ಆಸರೆ ಪಡೆಯುವುದು. 2017ರ ಜೂನ್ ಚುನಾವಣೆಯಲ್ಲಿ ಬಹುಮತ ಕಳೆದುಕೊಂಡ ಪ್ರಧಾನಿ ತೆರೇಸಾ ಮೇ, ಉತ್ತರ ಐರ್ಲೆಂಡಿನ ಡಿಯುಪಿ ಪಕ್ಷದ ಹತ್ತು ಸದಸ್ಯರ ಆಸರೆ ಪಡೆದರು. ಆ ಪ್ರಾಂತ್ಯಕ್ಕೆ ನೂರು ಕೋಟಿ ಪೌಂಡ್ ಮಂಜೂರಾಯಿತು. ಹತ್ತೇ ಜನ ಬಲಿಷ್ಠರಾಗುವ ಗಣಿತವನ್ನು ಕೌಟಿಲ್ಯ ಬಿಡಿಸಿಲ್ಲ. ಕರ್ನಾಟಕದ ಓದುಗರಿಗೆ ಬಿಡಿಸಿ ಹೇಳಬೇಕಾಗಿಯೂ ಇಲ್ಲ. ರೆಸಾರ್ಟ್ ಒಂದೇ ಕೊರತೆ.

ದ್ವೈಧೀಭಾವ. ಒಬ್ಬರೊಡನೆ ಸಂಧಿ, ಇನ್ನೊಬ್ಬರೊಡನೆ ಕಾಳಗ. ಮೇ ಬ್ರಸೆಲ್ಸಿನೊಡನೆ ಸಂಧಿ ಮಾಡಿಕೊಂಡು ಮನೆಗೆ ಬಂದರೆ, 2019ರ ಜನವರಿ 15ರಂದು ಸಂಸತ್ತು ಅದನ್ನು 432ಕ್ಕೆ 202 ಮತಗಳಿಂದ ಹೊರಗೆಸೆಯಿತು. ಕಾಳಗ ಸ್ವಪಕ್ಷದವರೊಡನೆಯೇ ನಡೆದದ್ದರಿಂದ ಗುಣ ಪೂರ್ಣವಾಗಿ ಸಿದ್ಧಿಸಿದೆ.

ವಿಗ್ರಹ. ಅಂದರೆ ಕಾಳಗ. ಕೂತಿದ್ದ ಆ 32 ವರ್ಷದ ನಡುವೆಯೇ, 1596ರಲ್ಲಿ, ಒಡೆಯರು ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿ ತಿರುಮಲರಾಯನೊಡನೆ ಕಾದಾಡಿದ್ದು ಕೆಸರೆಯಲ್ಲಿ. ಈಗ ಅಲ್ಲಿ ಬಡಾವಣೆಗಳಿವೆ. ಮೇ ನಂತರ ಪ್ರಧಾನಿಯಾದ ಬೋರಿಸ್ ಜಾನ್ಸನ್ ತಮ್ಮದೇ ಸಂಸತ್ತಿನ ಬಾಗಿಲು ಹಾಕಿಸಿದರು. 2019ರ ಸೆಪ್ಟೆಂಬರ್ 24ರಂದು ಹನ್ನೊಂದು ನ್ಯಾಯಮೂರ್ತಿಗಳು ಒಮ್ಮತದಿಂದ ಬಾಗಿಲು ತೆರೆಸಿದರು.

ಯಾನ. ದಂಡೆತ್ತಿ ಹೋಗುವುದು. 1610ರಲ್ಲಿ ಶ್ರೀರಂಗಪಟ್ಟಣ ಕೈವಶವಾದದ್ದಕ್ಕೆ ಎರಡು ಪಾಠಾಂತರಗಳಿವೆ. ಬೆನ್ನುಹುಣ್ಣಿನಿಂದ ನರಳುತ್ತಿದ್ದ ತಿರುಮಲರಾಯ ತಲಕಾಡಿನ ವೈದ್ಯನಾಥನ ಸನ್ನಿಧಿಗೆ ಹೊರಟಾಗ ತಾನೇ ಒಪ್ಪಿಸಿದ ಎಂಬುದು ಒಂದು. ಮುತ್ತಿಗೆ ಹಾಕಿ ಕಿತ್ತುಕೊಂಡರು ಎಂಬುದು ಇನ್ನೊಂದು. ಇವನ್ನೇ ನವೀನರು ಒಪ್ಪಂದಸಹಿತ, ಒಪ್ಪಂದರಹಿತ ನಿರ್ಗಮನವೆಂದು ಕರೆದು ಮೂರು ವರ್ಷ ಕಚ್ಚಾಡಿದರು. ಒಪ್ಪಂದರಹಿತಕ್ಕೆಂದು ಮಾಡಿದ ಸಿದ್ಧತೆಯಲ್ಲಿ 1.38 ಕೋಟಿ ಪೌಂಡಿನ ಹಡಗು ಗುತ್ತಿಗೆ ಸಿಕ್ಕಿದ್ದು ಒಂದೂ ಹಡಗಿಲ್ಲದ ಕಂಪನಿಗೆ. ಅದರ ಜಾಲತಾಣದಲ್ಲಿದ್ದ ಷರತ್ತುಗಳ ಒಕ್ಕಣೆ ಊಟ ತರಿಸುವ ಅಂಗಡಿಯದ್ದಂತಿತ್ತು.

ಸಂಧಿ. ಇದನ್ನು ಕೊನೆಗಿಟ್ಟವರು ಒಡೆಯರು. ಕೋಟೆ ಹಿಡಿದು ಎರಡು ವರ್ಷವಾದ ಮೇಲೆ, 1612ರಲ್ಲಿ, ಚಕ್ರವರ್ತಿ ವೆಂಕಟಪತಿರಾಯರು ಅದು ಮೈಸೂರಿನದ್ದೇ ಎಂದು ಅನುಗ್ರಹಿಸಿದರು. ಮೊದಲು ಕೋಟೆ, ಆಮೇಲೆ ಕಾಗದ. ಬ್ರಿಟನ್ ಮೊದಲು ಕಾಗದ ಕೊಟ್ಟು ಆಮೇಲೆ ಕೋಟೆ ಎಲ್ಲಿದೆಯೆಂದು ಹುಡುಕಿತು.

ಪೂರ್ವಪಕ್ಷ

ವಿಜಯನಗರ ಸಾಮ್ರಾಜ್ಯವೇ ಹೊರತು ಒಕ್ಕೂಟವಲ್ಲ, ಆದ್ದರಿಂದ ಹೋಲಿಕೆ ಸಲ್ಲದು ಎಂದು ಕೆಲವರು ಆಕ್ಷೇಪಿಸಬಹುದು. ಕಪ್ಪ ಕಟ್ಟುವವನಿಗೆ ಎರಡೂ ಒಂದೇ ಎಂಬಲ್ಲಿಗೆ ಆಕ್ಷೇಪ ಪರಿಹಾರವಾಯಿತು.

ಸಿದ್ಧಾಂತ

ಒಂದು: ಹೊರಬರುವವನು ಬಿಟ್ಟದ್ದನ್ನೇ ಹೊತ್ತು ತರುತ್ತಾನೆ. ಒಡೆಯರು ವಿಜಯನಗರವನ್ನು ಬಿಟ್ಟ ವರ್ಷವೇ ವಿಜಯನಗರದ ಮಹಾನವಮಿಯನ್ನು ಶ್ರೀರಂಗಪಟ್ಟಣದಲ್ಲಿ ನಡೆಸಿದರು. ನಾವು ಇಂದಿಗೂ ಅದರ ಜಂಬೂಸವಾರಿ ನೋಡಲು ಬಿಸಿಲಲ್ಲಿ ಕಾಯುತ್ತೇವೆ. ಬ್ರಿಟನ್ ಸ್ವಾತಂತ್ರ್ಯದ ಗುರುತಾಗಿ ನೀಲಿ ಪಾಸ್‌ಪೋರ್ಟ್ ತಂದಿತು. ಗುತ್ತಿಗೆ ಹೋದದ್ದು ಫ್ರೆಂಚ್–ಡಚ್ ಕಂಪನಿಗೆ, ತಯಾರಾದದ್ದು ಪೋಲೆಂಡಿನಲ್ಲಿ.

ಎರಡು: ಲೆಕ್ಕ ಚುಕ್ತಾ ಆಯಿತೆಂದು ಹೊರಬಂದವನು ತಿಳಿಯುತ್ತಾನೆ, ಬಾಕಿ ಮೊಮ್ಮಕ್ಕಳ ಖಾತೆಗೆ ಬೀಳುತ್ತದೆ. ತಿರುಮಲರಾಯನ ಮಡದಿ ಅಲಮೇಲಮ್ಮ ಶ್ರೀರಂಗಪಟ್ಟಣದ ದೇವಿ ರಂಗನಾಯಕಿಯ ಒಡವೆಗಳನ್ನು ಇಟ್ಟುಕೊಂಡಿದ್ದಳು. ಒಡೆಯರ ಜನ ಕೇಳಲು ಬಂದಾಗ ಮುತ್ತಿನ ಮೂಗುತಿಯೊಂದನ್ನು ಕೊಟ್ಟು, ಉಳಿದವನ್ನು ಮಡಿಲಿಗೆ ಕಟ್ಟಿಕೊಂಡು ಮಾಲಂಗಿಯಲ್ಲಿ ಕಾವೇರಿಗೆ ಹಾರಿದಳು ಎನ್ನುತ್ತದೆ ಜನಪದ. ಹಾರುವಾಗ ತಲಕಾಡಿಗೆ ಮರಳನ್ನೂ ಮಾಲಂಗಿಗೆ ಮಡುವನ್ನೂ ಮೈಸೂರು ದೊರೆಗಳಿಗೆ ಸಂತಾನಹೀನತೆಯನ್ನೂ ಹಂಚಿದಳು. ಪಂಚಲಿಂಗ ದರ್ಶನ ಬಂದಾಗೆಲ್ಲ ತಲಕಾಡಿನಲ್ಲಿ ಮರಳು ಸರಿಸುವುದೂ, ನವರಾತ್ರಿಯಲ್ಲಿ ಅರಮನೆಯಲ್ಲಿ ಅಲಮೇಲಮ್ಮನಿಗೆ ಪೂಜೆ ಸಲ್ಲುವುದೂ ಆ ಬಾಕಿಯ ಬಡ್ಡಿ. ಬ್ರಿಟನ್ನಿನ ಬಾಕಿ ಆಗಿನ ಅಂದಾಜಿನಂತೆ 3,900 ಕೋಟಿ ಪೌಂಡ್‌ವರೆಗೆ ಇತ್ತು. ಅದರ ಬಾಲ 2064ರವರೆಗೆ ಹೋಗುತ್ತದೆಂದು ಅಲ್ಲಿನ ಲೆಕ್ಕಿಗರು ಬರೆದಿಟ್ಟಿದ್ದಾರೆ.

ಇಲ್ಲಿ ಪ್ರಬಂಧಕಾರನ ತಿದ್ದುಪಡಿಯಿದೆ. ರಾಜಮನೆತನದಲ್ಲಿ 2017ರ ಡಿಸೆಂಬರಿನಲ್ಲಿ ಗಂಡುಮಗು ಹುಟ್ಟಿದಾಗ, ಶಾಪ ಕಳೆಯಿತೆಂದು ಮೈಸೂರಿನ ಜನ ಮಾತಾಡಿಕೊಂಡರು. ಅದೇ ಡಿಸೆಂಬರಿನಲ್ಲಿ ಬ್ರಿಟನ್ ತನ್ನ ಬಾಕಿಯ ಲೆಕ್ಕಕ್ಕೆ ಒಪ್ಪಿಗೆ ಹಾಕಿತು. ಒಂದು ಖಾತೆ ಮುಚ್ಚದೆ ಇನ್ನೊಂದು ತೆರೆಯುವುದಿಲ್ಲ ಎಂಬುದು ಇದರಿಂದ ಸಿದ್ಧ. 1610ರಿಂದ 2017ಕ್ಕೆ 407 ವರ್ಷ. ಮೈಸೂರಿನ ಈ ದರದಲ್ಲಿ, 2020ರಲ್ಲಿ ಹೊರಬಂದ ಬ್ರಿಟನ್ನಿನ ಕಡೆಯ ಕಂತು ತೀರುವುದು 2427ರಲ್ಲಿ. ಲಂಡನ್ನಿನ ಲೆಕ್ಕಿಗರು ತಮ್ಮ ಖಾತೆಪುಸ್ತಕವನ್ನು ಅದರಂತೆ ತಿದ್ದಿಕೊಳ್ಳಬೇಕಾಗಿ ಕೋರಲಾಗಿದೆ.