ರಂಧ್ರತ್ರಯ ಮೀಮಾಂಸೆ

ಹಲ್ಮಿಡಿಯ ಶಾಸನದಿಂದ ಹಿಡಿದು ಕೆರೆ ಏರಿಯ ಮೇಲಿನ ವೀರಗಲ್ಲಿನವರೆಗೆ ಕನ್ನಡದ ವಿದ್ವಾಂಸರು ಓದದೆ ಬಿಟ್ಟ ಕಲ್ಲು ಕಡಿಮೆ. ಆದರೆ ತಾವು ಕೂತು ಓದುವ ಕೋಣೆಯ ಗೋಡೆಯಲ್ಲೇ, ಟೇಬಲ್ ಫ್ಯಾನಿನ ಹಿಂದೆ, ಕಪ್ಪು ಬೇಕಲೈಟಿನ ಮುಖದ ಮೇಲಿರುವ ಮೂರು ತೂತುಗಳಿಗೆ ಈವರೆಗೆ ಒಂದು ಟಿಪ್ಪಣಿಯೂ ದಕ್ಕಿಲ್ಲ. ಆ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಕ್ಷೇತ್ರಕಾರ್ಯಕ್ಕೆ ಮೈಸೂರಿನ ಅಗ್ರಹಾರದ ಒಂದು ಹಳೆಯ ಹೆಂಚಿನ ಮನೆಯನ್ನು ಆರಿಸಿಕೊಂಡಿದ್ದೇವೆ. ಅಲ್ಲಿ ಮಿಕ್ಸಿ ತಿರುಗಬೇಕಾದರೆ ಪ್ಲಗ್ಗಿನ ಮಗ್ಗುಲಿಗೆ ಬೆಂಕಿಕಡ್ಡಿ ಸಿಗಿಸಬೇಕಾಗಿತ್ತು. ಚಟ್ನಿ ಅರ್ಧಕ್ಕೆ ನಿಂತ ಮನೆಯಲ್ಲಿ ಸಂಶೋಧನೆಗೆ ಬೇರೆ ಅನುದಾನ ಬೇಕಿಲ್ಲ.

ಮೊದಲು ಕಾಲನಿರ್ಣಯ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪಕ್ಕೆ ಬಂತು. ಚಿನ್ನ ಮೊದಲು, ಬೀದಿ ಆಮೇಲೆ, ಮನೆಯ ಗೋಡೆ ಅದಕ್ಕೂ ಆಮೇಲೆ. ಗೋಡೆಗೆ ಬಂದ ಮೇಲೂ ಬಹುಕಾಲ ಅದರ ಕೆಲಸ ದೀಪ ಉರಿಸುವುದಷ್ಟೇ. ಪ್ಲಗ್ ಪಾಯಿಂಟು ಎಂಬುದು ರೇಡಿಯೋಗೋ ಇಸ್ತ್ರಿಪೆಟ್ಟಿಗೆಗೋ ಅಂತ ಇಡೀ ಮನೆಗೆ ಒಂದೋ ಎರಡೋ. ಸದರಿ ಮನೆಯಲ್ಲಿ ಮೂರು ಸ್ತರಗಳು ಸ್ಪಷ್ಟವಾಗಿ ಗೋಚರಿಸುತ್ತವೆ. ಹಜಾರದಲ್ಲಿ ಮರದ ದುಂಡು ಬ್ಲಾಕಿನ ಮೇಲೆ ಕೂತ ಎರಡು ತೂತಿನದು, ಪ್ರಾಚೀನ. ನಡುಮನೆಯಲ್ಲಿ ಮರದ ಬೋರ್ಡಿನ ಮೇಲಿನ ಮೂರು ತೂತಿನದು, ಮಧ್ಯಕಾಲೀನ. ಅಡುಗೆಮನೆಯ ಹೈಲಂ ಶೀಟಿನ ಮೇಲಿನ ಐದು ತೂತಿನದು ಸಮನ್ವಯ ಯುಗಕ್ಕೆ ಸೇರಿದ್ದು: ಎರಡು ಪಿನ್ನಿನವರಿಗೂ ಮೂರು ಪಿನ್ನಿನವರಿಗೂ ಒಂದೇ ಮಠದಲ್ಲಿ ಊಟ.

ಮೂರು ದುಂಡು ತೂತಿನ ವಂಶಾವಳಿಯಲ್ಲಿ ವಿವಾದವಿಲ್ಲ. ಅದು 1934ರ ಬ್ರಿಟಿಷ್ ಮಾನಕ ಬಿಎಸ್ 546ರ ಸಂತಾನ. 1947ರಲ್ಲಿ ಬ್ರಿಟಿಷರು ಚಪ್ಪಟೆ ಪಿನ್ನಿನ ಹೊಸ ಮಾನಕ ಹೊರಡಿಸಿದರು. ಭಾರತವನ್ನೂ ದುಂಡು ಪಿನ್ನನ್ನೂ ಅವರು ಒಂದೇ ವರ್ಷ ಕೈಬಿಟ್ಟದ್ದನ್ನು ಯಾವ ಇತಿಹಾಸಕಾರರೂ ಜೊತೆಗಿಟ್ಟು ನೋಡಿದಂತಿಲ್ಲ. ನಾವು ಎರಡನ್ನೂ ಇಟ್ಟುಕೊಂಡೆವು. ಮುಂದೆ ನಮ್ಮದೇ ಐಎಸ್ 1293ರಲ್ಲಿ ಐದು ಆಂಪ್ಸ್ ಆರಾಯಿತು, ಹದಿನೈದು ಹದಿನಾರಾಯಿತು. ಅಂಗಡಿಯವರು ಮಾತ್ರ ಇಂದಿಗೂ ಐದು, ಹದಿನೈದು ಎಂದೇ ಕೇಳಿ ಕೊಡುತ್ತಾರೆ. ಶಾಸ್ತ್ರಕ್ಕಿಂತ ರೂಢಿ ಬಲವತ್ತರ.

ಇನ್ನು ಸ್ವರೂಪ ವಿಚಾರ. ಎದುರಿಗೆ ನಿಂತವರ ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್, ಮೇಲಿನ ದೊಡ್ಡ ತೂತಿಗೆ ಅರ್ಥ್. ಕೆಳಗಿನ ಎರಡರಿಂದಲೇ ಮಿಕ್ಸಿ ತಿರುಗುವುದರಿಂದ ಮೇಲಿನದು ಅಲಂಕಾರಮಾತ್ರ ಎಂಬುದು ಪೂರ್ವಪಕ್ಷ. ಚಾರ್ಜರಿನ ಎರಡು ಪಿನ್ನು ತೂರಿಸಲು ಮೇಲಿನ ತೂತಿಗೆ ಪೆನ್ಸಿಲ್ ತುರುಕುವ ಮನೆಮಕ್ಕಳೆಲ್ಲ ಈ ಪಂಥದವರೇ. ಸಿದ್ಧಾಂತ ಬೇರೆ. ಅರ್ಥ್ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ; ಮದುವೆಮನೆಯ ಸೋದರಮಾವನಂತೆ ಮೊದಲು ಒಳಗೆ ಹೋಗಿ ಕೊನೆಗೆ ಹೊರಬರುತ್ತದೆ. ಫೇಸು ತಪ್ಪಿ ಫ್ರಿಜ್ಜಿನ ಮೈಗೆ ತಗುಲಿದರೆ ಅದನ್ನು ಎಳೆದೊಯ್ದು ಭೂಮಿಗೆ ಮುಟ್ಟಿಸಿ, ಫ್ಯೂಸು ಹಾರುವಂತೆ ಮಾಡುವುದು ಅದರ ಧರ್ಮ. ಏನೂ ಆಗದ ದಿನ ಅದಕ್ಕೆ ಕೆಲಸವಿಲ್ಲ. ಈ ನಿಷ್ಕಾಮದಿಂದಲೇ ಅದು ಕೆಟ್ಟದ್ದು: ಇಲ್ಲದಿದ್ದರೂ ಯಾರಿಗೂ ತಿಳಿಯುವುದಿಲ್ಲ.

ಉತ್ಖನನ ಇಲ್ಲಿಂದ ಆರಂಭ. ಮೇನ್ ಆಫ್ ಮಾಡತಕ್ಕದ್ದು. ಆಫ್ ಮಾಡಿದ ಮೇಲೂ ಟೆಸ್ಟರ್ ಇಟ್ಟು ನೋಡತಕ್ಕದ್ದು. ಟೆಸ್ಟರ್ ಉರಿದರೆ ವೈರ್‌ಮನ್ನನ್ನು ಬೈಯತಕ್ಕದ್ದಲ್ಲ, ಇನ್ವರ್ಟರನ್ನು ನೆನೆಯತಕ್ಕದ್ದು. ಮೇನ್ ಆಫಾದೊಡನೆ ಅದು ಊರಿಗೇ ಕರೆಂಟು ಹೋಯಿತೆಂದು ಭಾವಿಸಿ, ಬ್ಯಾಟರಿಯಿಂದ ಪರೋಪಕಾರಕ್ಕೆ ತೊಡಗಿರುತ್ತದೆ. ಅದನ್ನೂ ಆಫ್ ಮಾಡಿ ನಡುಮನೆಯ ಬೋರ್ಡು ಬಿಚ್ಚಲಾಯಿತು. ಒಳಗೆ ಹಲ್ಲಿಮೊಟ್ಟೆಯ ಸಿಪ್ಪೆ, ಕೆಂಪು ವೈರೊಂದು, ಕಪ್ಪು ವೈರೊಂದು. ಹಸಿರು ಇಲ್ಲ. ಮೂರನೇ ತೂತಿನ ಹಿಂದಿನ ತಿರುಪು ಕಾರ್ಖಾನೆಯಿಂದ ಬಂದ ದಿನದಷ್ಟೇ ಕನ್ಯತ್ವ ಕಾಪಾಡಿಕೊಂಡಿತ್ತು.

“ಇದಕ್ಕೆ ಅರ್ಥೇ ಇಲ್ಲಮ್ಮ” ಎಂದ ವೈರ್‌ಮನ್.

“ನಮ್ಮ ಮಾವನವರ ಕಾಲದಿಂದ ಹೀಗೇ ನಡ್ಕೊಂಡ್ ಬಂದಿದೆಯಲ್ಲಪ್ಪ” ಎಂದರು ಮನೆಯ ಅಜ್ಜಿ.

ಆದರೆ ತೂತು ಖಾಲಿಯಿರಲಿಲ್ಲ. ಕುಂಬಾರ ಹುಳವೊಂದು ಹಿತ್ತಿಲಿನಿಂದ ಹಸಿಮಣ್ಣು ಹೊತ್ತು ತಂದು ಅದನ್ನು ಗಟ್ಟಿಯಾಗಿ ಮೆತ್ತಿತ್ತು. ವೇದಾಂತಿಗಳು ಈ ಹುಳವನ್ನು ಬಲ್ಲರು. ಕೀಟವನ್ನು ತನ್ನಂತೆಯೇ ಮಾಡಿಕೊಳ್ಳುವ ಭ್ರಮರಕೀಟನ್ಯಾಯ ಇದರದೇ. ವಿದ್ಯುತ್ ಶಾಸ್ತ್ರದಲ್ಲಿ ಇದಕ್ಕೆ ಸಲ್ಲಬೇಕಾದ ಸ್ಥಾನ ಮಾತ್ರ ಇನ್ನೂ ಸಂದಿಲ್ಲ. ಈ ಮನೆ ಕಟ್ಟಿದಂದಿನಿಂದ ನಡುಮನೆಯ ಮೂರನೇ ತೂತಿಗೆ ಭೂಮಿಯ ಸಂಪರ್ಕ ಕಲ್ಪಿಸಲು ಕೈಲಾದಷ್ಟು ದುಡಿದ ಜೀವಿ ಇದೊಂದೇ.

ಹಾಗಾದರೆ ಮನೆಯಲ್ಲಿ ಅರ್ಥಿಂಗ್ ಎಂದೂ ಇರಲಿಲ್ಲವೆ? ಇತ್ತು. ಮೇನ್ ಬೋರ್ಡಿನಿಂದ ಹೊರಟ ಬರಿಮೈ ತಂತಿಯೊಂದು ಬಚ್ಚಲಿನವರೆಗೆ ಹೋಗಿ, ನಲ್ಲಿಯ ಜಿಐ ಪೈಪಿಗೆ ಸುತ್ತಿಕೊಂಡ ಗುರುತಿದೆ. ಕಬ್ಬಿಣದ ಪೈಪು ನೆಲದೊಳಗೆ ಹರಿಯುತ್ತಿದ್ದಷ್ಟು ಕಾಲ ಅದು ಅರ್ಥಿಂಗೇ. ಪೈಪು ತುಕ್ಕು ಹಿಡಿದಾಗ ಪ್ಲಂಬರ್ ಬಂದು ಪಿವಿಸಿ ಹಾಕಿದ. ನೀರು ಬಂತು, ಭೂಮಿ ಹೋಯಿತು. ತಂತಿ ಈಗಲೂ ಬಚ್ಚಲಿನ ಗೋಡೆಯಲ್ಲಿ ನೇತಾಡುತ್ತ ಒದ್ದೆ ಟವೆಲ್ಲಿಗೆ ಆಸರೆಯಾಗಿದೆ.

ಅಡುಗೆಮನೆಯ ಫ್ರಿಜ್ ಪಾಯಿಂಟಿನಲ್ಲಿ ಸಿಕ್ಕ ಪಾಠಾಂತರ ಇನ್ನೂ ಭಯಂಕರ. ಅಲ್ಲಿ ಯಾರೋ ಪೂರ್ವಸೂರಿಗಳು ನ್ಯೂಟ್ರಲ್ಲಿನಿಂದ ಗೇಣುದ್ದದ ತುಂಡು ವೈರನ್ನು ಮೂರನೇ ತೂತಿಗೆ ಜೋಡಿಸಿದ್ದಾರೆ. ಇದು ಶುದ್ಧ ಪ್ರಕ್ಷೇಪ. ಆದರೆ ನಕಲುಗಾರ ಜಾಣ. ಫೇಸಿಗೂ ಮೂರನೇ ತೂತಿಗೂ ನಡುವೆ ಹೋಲ್ಡರ್ ಹಿಡಿದರೆ ಬಲ್ಬು ಪ್ರಕಾಶಮಾನವಾಗಿ ಉರಿಯುತ್ತದೆ, ಪರೀಕ್ಷಕರು ತಲೆದೂಗುತ್ತಾರೆ. 30 ಮಿಲಿ ಆಂಪ್ಸ್ ಸೋರಿದರೆ ಟ್ರಿಪ್ ಆಗಬೇಕಾದ ಆರ್‌ಸಿಸಿಬಿ ಕೂಡ ಮೋಸಹೋಗುತ್ತದೆ; ಸೋರಿದ್ದೆಲ್ಲ ಅದೇ ನ್ಯೂಟ್ರಲ್ಲಿನಲ್ಲಿ ವಾಪಸು ಬಂದು ಲೆಕ್ಕ ಸರಿಹೋಗುತ್ತದಲ್ಲ. ಎಲ್ಲಿಯವರೆಗೆ? ಕಂಬದಲ್ಲೋ ಕಟ್‌ಔಟಿನಲ್ಲೋ ನ್ಯೂಟ್ರಲ್ ಕಿತ್ತುಬರುವವರೆಗೆ. ಆಗ ಮೋಟಾರನ್ನು ಹಾದುಬಂದ ಫೇಸು ಹಿಂದಿರುಗಲು ದಾರಿ ಕಾಣದೆ, ಆ ತುಂಡು ವೈರನ್ನೇ ಹಿಡಿದು ಫ್ರಿಜ್ಜಿನ ಮೈಮೇಲೆ 230 ವೋಲ್ಟಾಗಿ ಕೂರುತ್ತದೆ. ಹಾಲಿನ ಪಾತ್ರೆ ತೆಗೆಯಲು ಬಂದವರಿಗೆ ಅದರ ಸಾಕ್ಷಾತ್ಕಾರವಾಗುತ್ತದೆ. ಇಂಥ ಪಾಠವನ್ನು ತಿದ್ದುವುದಲ್ಲ, ಕಿತ್ತೇ ಹಾಕಬೇಕು. ಹಾಕಲಾಯಿತು.

ಜೀರ್ಣೋದ್ಧಾರದ ಕಷ್ಟಗಳನ್ನು ಬೇಗ ಹೇಳಿ ಮುಗಿಸೋಣ. ಅಲ್ಯೂಮಿನಿಯಂ ವೈರು ಕಾದು ಆರಿ, ಕಾದು ಆರಿ ತಿರುಪಿನಡಿ ಸಡಿಲವಾಗುತ್ತದೆ. ಸಡಿಲವಾದದ್ದು ಕಿಡಿ ಹಾರಿಸುತ್ತದೆ. ಬಿಗಿಮಾಡೋಣವೆಂದು ಎರಡು ಸಲ ಬಗ್ಗಿಸಿದರೆ ಪುಟುಕ್ಕನೆ ಮುರಿಯುತ್ತದೆ. ಹಾಗಾಗಿ ಪ್ರತಿ ತಲೆಮಾರಿನ ವೈರ್‌ಮನ್ನೂ ಮುಂದಿನವನಿಗೆ ಒಂದಿಂಚು ಕಡಿಮೆ ವೈರು ಬಿಟ್ಟುಹೋಗುತ್ತಾನೆ. ಮಾಡ್ಯುಲರ್ ಸಾಕೆಟ್ಟಿಗೆ ಗೋಡೆಯೊಳಗೆ ಕಬ್ಬಿಣದ ಬಾಕ್ಸ್ ಕೂರಿಸಬೇಕು. ಮಣ್ಣಿನ ಗೋಡೆಯ ಹಳೆ ಗಾರೆಗೆ ಉಳಿ ಮುಟ್ಟಿಸಿದರೆ ಬಾಕ್ಸಿನಷ್ಟಗಲ ಬೀಳುವುದಿಲ್ಲ, ಕ್ಯಾಲೆಂಡರಿನಷ್ಟಗಲ ಬೀಳುತ್ತದೆ. ಹಳೇ ಮನೆಯಲ್ಲಿ ಸಾಕೆಟ್ ಬದಲಿಸುವುದೆಂದರೆ ಅದರ ಹಿಂದಿರುವುದನ್ನೆಲ್ಲ ಬದಲಿಸುವುದು ಎಂಬ ವೈರ್‌ಮನ್ನಿನ ವಾದವನ್ನು ಪ್ರಬಂಧಕಾರರು ಒಪ್ಪುತ್ತಾರೆ. ಎಸ್ಟಿಮೇಟ್ ಚೀಟಿಯನ್ನು ಅಜ್ಜಿ ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಓದಿದರು.

ವೈರಿಗೆ ಒಪ್ಪಿಗೆ ಸಿಕ್ಕಿದೆ. ಉಳಿದಿರುವುದು ಅರ್ಥ್ ಪಿಟ್. ಆಳವಾಗಿ ಗುಂಡಿ ತೋಡಿ, ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿ, ಬೇಸಿಗೆಯಲ್ಲಿ ಆಗಾಗ ನೀರು ಹೊಯ್ಯಬೇಕು. ಹೊಯ್ಯಬಹುದು, ತೋಡಲು ಮಣ್ಣೆಲ್ಲಿದೆ? ಹಿತ್ತಿಲಿಗೆ ಕಳೆದ ವರ್ಷ ಟೈಲ್ಸ್ ಹಾಕಿಸಿ ಆಗಿದೆ. ನೆಲ ಕಾಣುವುದು ತುಳಸಿಕಟ್ಟೆಯ ಬುಡದಲ್ಲಿ ಮಾತ್ರ. ಟೈಲ್ಸ್ ಒಡೆಯಬೇಕು ಎನ್ನುವ ಅಜ್ಜಿಗೂ ಕಟ್ಟೆ ಸರಿಸಬೇಕು ಎನ್ನುವ ಮಗನಿಗೂ ವಾಗ್ವಾದ ನಡೆದಿದೆ. ತೀರ್ಪು ಬರುವವರೆಗೆ ಫ್ರಿಜ್ ಬಾಗಿಲು ತೆಗೆಯುವವರು ಹವಾಯಿ ಚಪ್ಪಲಿ ಹಾಕಿಕೊಂಡಿರತಕ್ಕದ್ದು. ಅಡುಗೆಮನೆಗೆ ಚಪ್ಪಲಿ ನಿಷಿದ್ಧವೆಂಬ ನಿಯಮಕ್ಕೆ ಅಜ್ಜಿಯೇ ತಾತ್ಕಾಲಿಕ ವಿನಾಯಿತಿ ಕೊಟ್ಟಿದ್ದಾರೆ, ಮಡಿಯ ದಿನಗಳನ್ನು ಬಿಟ್ಟು.